ಪಿಯಾನೋ ಒಡೆದ ನವೆಂಬರ್

ಮೊನ್ನೆ ಬೆಳಿಗ್ಗೆ ಚಟ್ನಿ ರುಬ್ಬುತ್ತಿದ್ದಾಗ ಮಿಕ್ಸಿ ಸುಟ್ಟು ಹೋಯಿತು. ಹೊಗೆ ಹೆಚ್ಚೇನೂ ಬರಲಿಲ್ಲ, ವಾಸನೆ ಮಾತ್ರ ಅಡುಗೆಮನೆ ದಾಟಿ ನಡುಮನೆಯ ತನಕ ಹಬ್ಬಿತು. ತಾಮ್ರದ ತಂತಿಯ ಮೇಲಿನ ಲೇಪ ಕರಗಿ ಉರಿಯುವ ವಾಸನೆ. ನನ್ನ ಗಂಡ ಓಡಿ ಬಂದು ಸ್ವಿಚ್ ಆರಿಸಿ, "ಮೋಟಾರು ಹೋಯ್ತೇನೇ?" ಅಂದರು. ನಾನು ಆಗಲೇ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಮಿಕ್ಸಿ ಕೆಟ್ಟಿತು ಅಂತ ಹೆದರುವ ಹೆಂಗಸು ನಾನಲ್ಲ. ಸ್ಪೀಕರಿನೊಳಗಿನ ತಂತಿಸುರುಳಿ, ಕಾಯಿಲ್ ಅನ್ನುತ್ತಾರಲ್ಲ, ಅದು ಸುಟ್ಟಾಗಲೂ ಇದೇ ವಾಸನೆ ಬರುತ್ತದೆ. ಇದು ಮೂಗಿಗೆ ಬಡಿದರೆ ಇನ್ನೇನು ಯಾರಿಗೋ ಏಟು ಬೀಳುತ್ತದೆ ಅಂತ ನನ್ನ ಮೈ ತಾನಾಗಿಯೇ ಬಿಗಿದುಕೊಳ್ಳುತ್ತದೆ.

ಮದುವೆಗೆ ಮುಂಚೆ ನಾನು ನಮ್ಮಣ್ಣನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಅಣ್ಣನ ಹೆಸರು ಚಂದ್ರು. ಹಾಡುವವನೂ ಅವನೇ, ಯಜಮಾನನೂ ಅವನೇ. ಚನ್ನಪಟ್ಟಣದಲ್ಲಿ ನಮ್ಮ ಮನೆ. ರಾಮನಗರ, ಕನಕಪುರ, ಮಾಗಡಿ ಕಡೆಯೆಲ್ಲ ನಮ್ಮ ಕಾರ್ಯಕ್ರಮ. ಅಪ್ಪ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲು. ಬೈಕಿನಲ್ಲಿ ಕೂರಿಸಿಕೊಂಡು ರಾಮನಗರದ ಕೀಬೋರ್ಡ್ ಕ್ಲಾಸಿಗೆ ಬಿಟ್ಟು, ಮುಗಿಯುವ ತನಕ ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರ ಟೀ ಕುಡಿಯುತ್ತಾ ಕಾದು, ವಾಪಸ್ಸು ಕರೆತರುತ್ತಿದ್ದವನು ಅವನು. ಹೆಣ್ಣುಮಕ್ಕಳಿಗೆ ಆರ್ಕೆಸ್ಟ್ರಾ ಯಾಕೆ ಅಂದ ಚಿಕ್ಕಪ್ಪನ ಕೊರಳಪಟ್ಟಿ ಹಿಡಿದವನೂ ಅವನೇ. ಕೆಟ್ಟವನು ಅಂತ ಒಂದೇ ಮಾತಿನಲ್ಲಿ ಹೇಳಿ ಅವನನ್ನು ಮುಗಿಸಿಬಿಡುವುದು ನನ್ನ ಕೈಲಿ ಆಗುವುದಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಅವನ ಕೈ ಮಾತ್ರ ಮಾತಿಗಿಂತ ಮುಂಚೆ ಹೋಗುತ್ತಿತ್ತು. ತಾಳ ತಪ್ಪಿದ ಡ್ರಮ್ಮರಿನ ಕೈಯಿಂದ ಕೋಲು ಕಿತ್ತುಕೊಂಡು ಅವನ ಮೊಣಕೈಗೇ ಬಾರಿಸಿದ್ದ. ತಡವಾಗಿ ಬಂದ ವ್ಯಾನ್ ಡ್ರೈವರನ್ನು ಬಾಗಿಲಿಗೆ ಒತ್ತಿ ಹಿಡಿದು ಎರಡು ಬಿಟ್ಟಿದ್ದ. ಆಮೇಲೆ ಮಾರನೇ ದಿನ ಏಟು ತಿಂದವನನ್ನು ಮನೆಗೆ ಕರೆಸಿ ಮಟನ್ ಸಾರು, ಮುದ್ದೆ ಊಟ ಹಾಕಿಸುತ್ತಿದ್ದ. ಅವ್ವನೇ ಬಡಿಸಬೇಕು. ಉಂಡವನು ಎಲೆಯಿಂದ ಎದ್ದ ಮೇಲೆ ಏಟಿನ ಮಾತು ಎತ್ತಬಾರದು, ಅದು ನಮ್ಮ ತಂಡದ ಪದ್ಧತಿ. ಎಷ್ಟು ಜನಕ್ಕೆ ಹಾಗೆ ಅನ್ನ ಬಡಿಸಿದಳೋ ನಮ್ಮವ್ವ. "ನಮ್ ಚಂದ್ರು ಕೈ ಜೋರು, ಕರುಳು ಮೆತ್ತಗೆ" ಅನ್ನುತ್ತಿದ್ದಳು. ಕರುಳನ್ನು ಯಾರೂ ಕಂಡವರಿಲ್ಲ, ಕೈಯನ್ನು ಕಂಡಿದ್ದರು.

ಆ ವರ್ಷ ಗಣೇಶನ ಕಾರ್ಯಕ್ರಮಗಳಲ್ಲಿ ಕನಕಪುರದ ಇನ್ನೊಂದು ತಂಡ ನಮ್ಮನ್ನು ಮಂಕು ಮಾಡಿಬಿಟ್ಟಿತು. ಅವರ ಸೌಂಡು ಊರಾಚೆಗೆ ಕೇಳುತ್ತಿತ್ತಂತೆ, ನಮ್ಮದು ಶಾಮಿಯಾನ ದಾಟುತ್ತಿರಲಿಲ್ಲವಂತೆ. ಈ ಮಾತು ಅಣ್ಣನ ತಲೆಗೆ ಹತ್ತಿತು. ಆಯುಧಪೂಜೆಯ ದಿನ ಡ್ರಮ್ಮು, ಆಂಪ್ಲಿಫೈಯರು, ನನ್ನ ಕೀಬೋರ್ಡು ಎಲ್ಲವನ್ನೂ ಅಂಗಳದಲ್ಲಿ ಜೋಡಿಸಿ ಅರಿಶಿನ ಕುಂಕುಮ ಹಚ್ಚಿದ. ಬೂದುಗುಂಬಳಕಾಯಿ ಎತ್ತಿ ನೆಲಕ್ಕೆ ಬಡಿದ ರಭಸಕ್ಕೆ ಅದರ ಕೆಂಪು ನೀರು ಅವ್ವನ ಸೀರೆಗೆ ಸಿಡಿಯಿತು. ಆಮೇಲೆ ಕೀಬೋರ್ಡಿನ ಮುಂದೆ ಮಂಡಿಯೂರಿ, ವಾಲ್ಯೂಮಿನ ನಾಬನ್ನು ಕೊನೆಯ ತನಕ ತಿರುಗಿಸಿ, ಚಪ್ಪಲಿ ಕಿತ್ತರೆ ಅಂಟಿಸುತ್ತಾರಲ್ಲ ಆ ಪುಟ್ಟ ಟ್ಯೂಬು, ಅದರ ಅಂಟನ್ನು ನಾಬಿನ ಸುತ್ತ ಸುರಿದ.

"ಇನ್ಮ್ಯಾಕೆ ಇದು ಇಳಿಯಾಕಿಲ್ಲ," ಅಂತ ನನ್ನ ಕಡೆ ತಿರುಗಿದ. "ನೀನೂ ಇಳ್ಸಂಗಿಲ್ಲ, ಸೌಂಡ್‌ನೋನೂ ಇಳ್ಸಂಗಿಲ್ಲ. ಎದೆಗೆ ಒದ್ದಂಗೆ ಕೇಳ್ಬೇಕು ಕಣ್ ಮಂಜಿ."

ಎಲ್ಲರೂ ಕೈಮುಗಿದರು. ದೇವರ ಮುಂದೆ ಹಾಕಿದ ಅಂಟನ್ನು ಕೀಳುವ ಧೈರ್ಯ ಯಾರಿಗಿತ್ತು? ಸಾಲದು ಅಂತ ಕೀಬೋರ್ಡಿನೊಳಗಿನ ಪಿಯಾನೋ ಸದ್ದಿನ ಮೇಲೆ ಪಿಟೀಲುಗಳ ಸದ್ದು, ಅದರ ಮೇಲೆ ಕಹಳೆಗಳ ಸದ್ದು, ಮೂರನ್ನೂ ಒಂದರ ಮೇಲೊಂದು ಪೇರಿಸಿ, ಮೂರಕ್ಕೂ ತುಂಬಾ ದನಿ ಕೊಟ್ಟು ಕೂರಿಸಿದ. ಒಂದು ಕೀ ಒತ್ತಿದರೆ ಮೂರೂ ಒಟ್ಟಿಗೆ ಬೊಬ್ಬೆ ಹೊಡೆಯಬೇಕು.

ನವೆಂಬರ್ ಬಂತು. ನಮ್ಮ ಕಡೆ ರಾಜ್ಯೋತ್ಸವ ಒಂದು ದಿನಕ್ಕೆ ಮುಗಿಯುವುದಿಲ್ಲ, ತಿಂಗಳಿಡೀ ಬೀದಿಗೊಂದು ಬಾವುಟ, ಬಾವುಟಕ್ಕೊಂದು ಆರ್ಕೆಸ್ಟ್ರಾ. ಮದ್ರಾಸ್ ಕಡೆ ಸೈಕ್ಲೋನ್ ಎದ್ದು ಇಲ್ಲಿ ಮೂರು ಹೊತ್ತೂ ತುಂತುರು ಹಿಡಿದಿತ್ತು. ಕೊಯ್ದ ರಾಗಿ ಹೊಲದಲ್ಲೇ ನೆನೆಯುತ್ತಿತ್ತು, ಅದಕ್ಕೇ ಜನರ ಮುಖ ಬಿಗಿದುಕೊಂಡಿತ್ತು. ಯಾರಿಗೆ ಯಾರು ತಗುಲಿದರೂ ಜಗಳ. ನಾನು ಕೀಬೋರ್ಡಿನ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅದರ ಕೆಳಗೆ ಕೈ ತೂರಿಸಿ ನುಡಿಸುತ್ತಿದ್ದೆ.

ಸೌಂಡ್ ನೋಡಿಕೊಳ್ಳಲು ಆ ಸೀಸನ್ನಿಗೆ ಹೊಸದಾಗಿ ಸೇರಿದವನು ನಾಗೇಶ. ಮರಳವಾಡಿ ಕಡೆಯವನು, ಮಿತಭಾಷಿ. ಎಲ್ಲ ಮೈಕು, ವಾದ್ಯಗಳ ಸದ್ದನ್ನು ಏರಿಸಿ ಇಳಿಸುವ ಮಿಕ್ಸರಿನ ಮುಂದೆ ನಿಂತರೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಗದ್ದೆಯಿಲ್ಲ, ಅಂಗಡಿಯಿಲ್ಲ, ಅವನ ಸಂಸಾರ ನಡೆಯುತ್ತಿದ್ದುದು ಆ ಎರಡು ಕಿವಿಗಳ ಮೇಲೆ.

ರಾಮನಗರದ ಮೊದಲ ಕಾರ್ಯಕ್ರಮದಲ್ಲೇ ಪಿಯಾನೋ ಒಡೆಯಿತು. ಒಂಟಿ ಸ್ವರ ಒತ್ತಿದರೆ ಸರಿಯಾಗೇ ಇತ್ತು. ಎರಡೂ ಕೈ ಸೇರಿಸಿ, ಕಾಲಲ್ಲಿ ಪೆಡಲ್ ತುಳಿದು ತುಂಬು ಸ್ವರ ಹಿಡಿದೆನೋ, ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ ಕರಕರ ಅಂದುಬಿಟ್ಟಿತು. ಅಣ್ಣ ಹಾಡುತ್ತಲೇ ತಿರುಗಿ ನಾಗೇಶನನ್ನು ನುಂಗುವ ಹಾಗೆ ನೋಡಿದ. ಹಾಡು ಮುಗಿಯುತ್ತಿದ್ದಂತೆ ಕೈಯಲ್ಲಿದ್ದ ಮೈಕನ್ನು ಅವನತ್ತ ಬೀಸಿದ. ಮೈಕು ಮಿಕ್ಸರಿನ ಅಂಚಿಗೆ ಬಡಿದು, ಆ ಬಡಿತ ಸ್ಪೀಕರುಗಳಲ್ಲೆಲ್ಲ ಢಂ ಅಂತ ಮೊಳಗಿ, ಮುಂದೆ ಕೂತಿದ್ದ ಕೂಸೊಂದು ಚೀರಿಕೊಂಡಿತು.

"ಏನ್ಲಾ ನಾಗ, ನನ್ ತಂಗಿ ಪಿಯಾನೋ ಅಂಗ್ಯಾಕ್ಲಾ ತಗಡು ಬಡ್ದಂಗೆ ಕೇಳ್ತೈತೆ?"

"ಅಣ್ಣಾ, ನನ್ ಕಡೆ ಎಲ್ಲಾನೂ ಇಳ್ಸಿವ್ನಿ. ಇಲ್ಲಿಗೆ ಬರಾಕ್ ಮುಂಚೇನೇ ಒಡ್ದೋಗೈತೆ."

"ನನ್ಗೇ ಕತೆ ಹೇಳ್ತೀಯೇನ್ಲಾ?"

ಅವತ್ತು ಏಟು ಬೀಳಲಿಲ್ಲ, ಸಂಘಟಕರು ನಡುವೆ ಬಂದರು. ಮಾರನೇ ದಿನ ಮನೆಯಲ್ಲಿ ನಾನೇ ಹೆಡ್‌ಫೋನ್ ಹಾಕಿಕೊಂಡು ನುಡಿಸಿ ನೋಡಿದೆ. ಮಿಕ್ಸರಿಲ್ಲ, ಆಂಪ್ಲಿಫೈಯರಿಲ್ಲ, ಬರೀ ನಾನೂ ಕೀಬೋರ್ಡೂ. ಅಲ್ಲೂ ಕರಕರ. ಅಂದರೆ ಒಡೆಯುತ್ತಿರುವುದು ಕೀಬೋರ್ಡಿನ ಒಳಗೇ. ಸದ್ದಿಗೂ ಒಂದು ಸೂರು ಇರುತ್ತದೆ. ಅಲೆಯಲೆಯಾಗಿ ಏಳುವ ಸದ್ದು ಸೂರಿನ ಕೆಳಗೆ ಇರುವ ತನಕ ಚೆಂದ. ಸೂರಿಗೆ ತಗುಲಿತೋ, ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ತಲೆ ಕಡಿದ ಆ ಸದ್ದನ್ನು ಮುಂದೆ ಮಿಕ್ಸರಿನಲ್ಲಿ ಎಷ್ಟು ಇಳಿಸಿದರೂ ಹೋದ ತಲೆ ಬರುವುದಿಲ್ಲ, ಸಣ್ಣ ದನಿಯಲ್ಲಿ ಕರಕರ ಅನ್ನುತ್ತದೆ ಅಷ್ಟೇ. ನಾಗೇಶ ಹೇಳಿದ್ದು ನಿಜವಾಗಿತ್ತು. ಅಣ್ಣನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನು ಹಲ್ಲುಜ್ಜುತ್ತಿದ್ದ. ನೊರೆ ಉಗಿದು, "ಅವ್ನ್ ಪರ ವಕಾಲತ್ತು ಬ್ಯಾಡ" ಅಂದು ಒಳಗೆ ಹೋದ.

ನಾಬು ತಿರುಗಿಸುವಂತಿರಲಿಲ್ಲ. ಆದರೆ ಕೀಬೋರ್ಡಿನ ಮೆನುವಿನ ಒಳಹೊಕ್ಕು ಒಂದೊಂದು ಸದ್ದನ್ನೂ ಬೇರೆಬೇರೆಯಾಗಿ ಇಳಿಸುವ ದಾರಿ ಇತ್ತು. ಕಹಳೆಯನ್ನು ತೆಗೆದೇಬಿಟ್ಟೆ. ಪಿಟೀಲನ್ನು ಅರ್ಧಕ್ಕೆ ತಂದೆ. ಪಿಯಾನೋವನ್ನು ಒಸಿ ಒಸಿಯೇ ಇಳಿಸುತ್ತಾ, ಎಲ್ಲಿ ಕರಕರ ನಿಂತಿತೋ ಅಲ್ಲಿಂದ ಇನ್ನೂ ಒಂದು ಮೆಟ್ಟಿಲು ಕೆಳಗಿಟ್ಟೆ. ಆಮೇಲೆ ಎರಡೂ ಕೈ ಹರಡಿ, ಪೆಡಲ್ ತುಳಿದು, ಮೈಭಾರವೆಲ್ಲ ಬಿಟ್ಟು ಒತ್ತಿದೆ. ಸದ್ದು ತುಂಬಿಕೊಂಡು ಬಂತು, ಒಡೆಯಲಿಲ್ಲ. ಅಷ್ಟು ದಿನದ ಮೇಲೆ ಪಿಯಾನೋ ಕೇಳಿ ನನಗೆ ಅಳುವೇ ಬಂದಿತ್ತು.

ಮಾಗಡಿಯ ಕಾರ್ಯಕ್ರಮ ಆ ಸೀಸನ್ನಿನಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಆದದ್ದು. ನಾಗೇಶ ಇಳಿದ ಸದ್ದನ್ನು ತನ್ನ ಕಡೆಯಿಂದ ಏರಿಸಿಕೊಂಡ, ಊರಾಚೆಗೂ ಕೇಳುವಷ್ಟು ಕೊಟ್ಟ, ಎಲ್ಲೂ ಒಡೆಯಲಿಲ್ಲ. ಜನ ಮಳೆಯಲ್ಲಿ ನೆನೆಯುತ್ತಾ ನಿಂತು ಕೇಳಿದರು. ಅಣ್ಣ ಖುಷಿಯಲ್ಲಿ ವ್ಯಾನಿನ ದಾರಿಯುದ್ದಕ್ಕೂ ಹಾಡುತ್ತಲೇ ಬಂದ. ಆ ಖುಷಿ ಹಾಳಾದದ್ದು ಮೊಬೈಲಿನಿಂದ. ರಾಮನಗರದ ಕಾರ್ಯಕ್ರಮದ್ದು ಯಾರೋ ವಿಡಿಯೋ ಹಾಕಿದ್ದರು. ನನ್ನ ಪಿಯಾನೋ ಕರಕರ ಅನ್ನುವಷ್ಟನ್ನೇ ಕತ್ತರಿಸಿ, 'ತಗಡು ಆರ್ಕೆಸ್ಟ್ರಾ' ಅಂತ ಹೆಸರಿಟ್ಟಿದ್ದರು. ನಗುವ ಮುಖಗಳ ಸಾಲೋ ಸಾಲು. ಅಣ್ಣ ಅದನ್ನು ಮತ್ತೆ ಮತ್ತೆ ನೋಡಿದ, ಆಮೇಲೆ ಫೋನನ್ನು ಗೋಡೆಗೆ ಬಡಿದು ಪುಡಿ ಮಾಡಿದ. ಸಿಟ್ಟು ಅಲ್ಲಿಗೆ ಇಳಿಯದೆ ಕೀಬೋರ್ಡಿನ ಮುಂದೆ ಬಂದು ಕೂತ. ಕಹಳೆ ಇಲ್ಲದ್ದು, ಪಿಟೀಲು ಇಳಿದದ್ದು ಆಗ ಕಣ್ಣಿಗೆ ಬಿತ್ತು.

"ಯಾರ್ ಕೇಳಿ ಇಳ್ಸ್ದೆ?"

"ಒಡೀತಿತ್ತು ಅಣ್ಣಾ. ಮಾಗಡೀಲಿ ಜನ ಮೆಚ್ಕೊಂಡ್ರಲ್ಲ, ಅದು ಇಳ್ಸಿದ್ದಕ್ಕೇ."

ಅವನು ನನ್ನ ಬಲಗೈ ಹಿಡಿದು ಕೀಗಳ ಮೇಲಿಟ್ಟು, ಮೇಲಿಂದ ತನ್ನ ಅಂಗೈಯಲ್ಲಿ ಅದುಮಿದ. ಸಿಕ್ಕಸಿಕ್ಕ ಕೀಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. "ಇನ್ನೊಂದ್ಸಾರಿ ಮುಟ್ಟುದ್ರೆ ಈ ಬೆರಳ್ ಮುರ್ದಾಕ್ಬುಡ್ತೀನಿ" ಅಂದ. ಕಿರುಬೆರಳಿನ ಗಿಣ್ಣು ಲಟಕ್ ಅಂದದ್ದು ನನಗೆ ಆ ಕಿರುಚಾಟದ ನಡುವೆಯೂ ಕೇಳಿಸಿತು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಣ್ಣ ಹೋದ ಮೇಲೆ ಹರಳೆಣ್ಣೆ ಬಿಸಿ ಮಾಡಿ ತಂದು ಬೆರಳಿಗೆ ನೀವಿದಳು. ಅವತ್ತು ಅವಳ ಮೇಲೆ ಬಂದಷ್ಟು ಸಿಟ್ಟು ಅಣ್ಣನ ಮೇಲೂ ಬಂದಿರಲಿಲ್ಲ. ಅಣ್ಣ ನಾನು ಇಳಿಸಿದ್ದನ್ನೆಲ್ಲ ಮತ್ತೆ ತುದಿಗೇರಿಸಿದ.

ಹೊಂಗನೂರಿನ ಕಾರ್ಯಕ್ರಮ ಸಂಜೆಗೇ ಶುರುವಾಯಿತು. ಊದಿಕೊಂಡ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತೆ. ಆದಷ್ಟೂ ಒಂಟಿ ಸ್ವರ ಒತ್ತಿ, ಎಡಗೈಯನ್ನು ತೇಲಿಸಿ ಎರಡು ಹಾಡು ದಾಟಿಸಿದೆ. ಮೂರನೆಯದು ಅಣ್ಣನ ಮೆಚ್ಚಿನ ಹಾಡು, ಶುರುವಿನಲ್ಲೇ ತುಂಬು ಪಿಯಾನೋ ಬೇಕು. "ಒತ್ತೇ!" ಅಂತ ಮೈಕಿನಲ್ಲೇ ಗದರಿದ. ಒತ್ತಿದೆ. ಇಡೀ ಊರಿನ ಕಿವಿಗೆ ಜಲ್ಲಿ ಸುರಿಯಿತು. ಮುಂದೆ ಕೂತಿದ್ದ ಇಬ್ಬರು ಐಟಿಐ ಹುಡುಗರು ಎದ್ದು ನಿಂತು, "ಲೇ, ತಗಡು ಬಡಿಯೋದ್ ನಿಲ್ಸ್ರುಲಾ, ಕಿವಿ ಹೋಯ್ತವೆ!" ಅಂತ ಕೂಗಿದರು. ಜನ ಘೊಳ್ಳನೆ ನಕ್ಕರು.

ಅಣ್ಣ ವೇದಿಕೆಯಿಂದ ಹಾರಿದ. ಒಬ್ಬನ ಕೊರಳಪಟ್ಟಿಗೆ ಕೈ ಹಾಕಿದ್ದೇ ತಡ, ಪ್ಲಾಸ್ಟಿಕ್ ಕುರ್ಚಿಗಳು ಎದ್ದವು. ನಮ್ಮ ಡ್ರಮ್ಮರಿನ ಹುಬ್ಬು ಸೀಳಿತು. ಬೀದಿದೀಪಕ್ಕೆ ಕಟ್ಟಿದ್ದ ಬಾವುಟದ ಕಂಬ ಮುರಿದು ಅದೂ ಆಯುಧವಾಯಿತು. ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದರು. ಕೆಸರಿನಲ್ಲಿ ಬಿದ್ದವರ ಮೇಲೆ ಇನ್ನೊಬ್ಬರು ಬಿದ್ದರು. ಎಲ್ಲರ ಮೊಬೈಲುಗಳೂ ಆ ಕಡೆಗೇ ತಿರುಗಿದ್ದವು, ವೇದಿಕೆಯ ಕಡೆಗೆ ಒಂದೂ ಇರಲಿಲ್ಲ. ಆಗಲೇ ಆ ವಾಸನೆ ಬಂತು. ತಲೆ ಕಡಿದ ಸದ್ದನ್ನು ಕುಡಿದೂ ಕುಡಿದೂ ನಮ್ಮ ದೊಡ್ಡ ಸ್ಪೀಕರಿನ ಕಾಯಿಲ್ ಸುಟ್ಟಿತ್ತು. ವಾಸನೆ ಹಿಡಿದು ಅಣ್ಣ ಹುಡುಗರನ್ನು ಬಿಟ್ಟು ವೇದಿಕೆಯ ಪಕ್ಕಕ್ಕೆ ನುಗ್ಗಿದ. ನಾಗೇಶ ಬಗ್ಗಿ ವೈರು ಕೀಳುತ್ತಿದ್ದ.

"ಸುಟ್ಟಾಕ್ಬುಟ್ಯಲ್ಲೋ ಬೋ..."

ತೆರೆದ ಅಂಗೈ, ಎಡಗಿವಿಯ ಮೇಲೆ. ಒಂದೇ ಏಟು. ನಾನು ಕೀಬೋರ್ಡಿನ ಹಿಂದಿನಿಂದ ನೇರವಾಗಿ ನೋಡುತ್ತಿದ್ದೆ. ನಾಗೇಶ ಬೀಳಲಿಲ್ಲ. ಕಿವಿಗೆ ಕೈ ಒತ್ತಿಕೊಂಡು, ಯಾರೋ ಎಲ್ಲಿಂದಲೋ ಕರೆದ ಹಾಗೆ ಸುತ್ತಲೂ ನೋಡಿದ. ಬೆರಳ ಸಂದಿಯಿಂದ ರಕ್ತ ಮಣಿಕಟ್ಟಿಗೆ ಇಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ತಮಟೆ ಹರಿದಿದೆ ಅಂದರು. ಎಷ್ಟು ಕೂಡಿಕೊಳ್ಳುತ್ತದೋ ಈಗಲೇ ಹೇಳಲಾಗದು, ಒಳಗಿನ ನರಕ್ಕೂ ಪೆಟ್ಟಾಗಿರುವ ಹಾಗಿದೆ ಅಂದರು. ಹೊಡೆದಾಟದ ಕೇಸಾದ್ದರಿಂದ ಪೊಲೀಸರಿಗೆ ತಿಳಿಸಿದರು. ಹೊಡೆದವರು ಯಾರು ಅಂದರೆ ನಾಗೇಶ, "ಗಲಾಟೇಲಿ ಯಾರೋ, ಗೊತ್ತಾಗ್ನಿಲ್ಲ" ಅಂದ. ನಾನು ಮಂಚದ ಪಕ್ಕ ಕೂತು ಕೇಳಿದೆ, ಯಾಕಪ್ಪ ಹೀಗಂದೆ ಅಂತ. ಬಲಗಿವಿ ನನ್ನ ಕಡೆ ತಿರುಗಿಸಿ ಹೇಳಿದ:

"ನಿಮ್ಮಣ್ಣನ್ ಹೆಸ್ರು ನನ್ ಬಾಯಿಂದ ಬರಾಕಿಲ್ಲ ಮಂಜಕ್ಕ. ನಾಲ್ಕು ತಾಲ್ಲೂಕಲ್ಲೂ ನನ್ನ ಯಾರೂ ಕರೀದಂಗೆ ಮಾಡ್ತರೆ. ಅರ್ಧ ಕಿವಿ ಹೋಗೈತೆ, ಕೆಲ್ಸಾನೂ ಹೋದ್ರೆ?"

ಅಣ್ಣ ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನೂ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಅವನು ಠಾಣೆಗೆ ಹೋಗಿ ಆ ಇಬ್ಬರು ಐಟಿಐ ಹುಡುಗರ ಹೆಸರು ಬರೆಸಿಬಂದ. ಕುರ್ಚಿಯಿಂದ ಕಿವಿಗೆ ಹೊಡೆದರು, ತಂಗಿ ಕಣ್ಣಾರೆ ನೋಡಿದ್ದಾಳೆ ಅಂತ. ಮನೆಗೆ ಬಂದು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಒಂದು ಮಾತು ಕಣ್ ಮಂಜಿ. ಹೇಳ್ಬುಟ್ ಬಂದ್ಬುಡು. ನಾಗಂಗೆ ಆಮ್ಯಾಕೆ ಊಟ ಹಾಕ್ಸ್ತೀನಿ" ಅಂದ.

ಊಟ! ಕಿವಿ ಕಿತ್ತು ಮುದ್ದೆ ಹಾಕುತ್ತಾನಂತೆ.

ಮಾರನೇ ದಿನ ಆ ಇಬ್ಬರು ಹುಡುಗರಲ್ಲಿ ಒಬ್ಬನ ತಾಯಿ ಹುಡುಕಿಕೊಂಡು ಬಂದಳು. ರೇಷ್ಮೆಹುಳ ನಾಲ್ಕನೇ ಜ್ವರ ಎದ್ದಿವೆ, ಪೊರೆ ಕಳಚಿ ಹಸಿದಿವೆ, ಸೊಪ್ಪು ಹಾಕಿ ಹಾಗೇ ಬಸ್ಸು ಹತ್ತಿದೆ ಅಂದಳು. ಕೈಯೆಲ್ಲ ಹಿಪ್ಪುನೇರಳೆಯ ಹಸಿರು ಕರೆ. ಒಳಗೆ ಬಾ ಅಂದರೆ ಬರಲಿಲ್ಲ. "ನನ್ ಮಗ ಬಾಯಿ ಮಾಡ್ದ, ನಾನ್ ಇಲ್ಲ ಅನ್ನಾಕಿಲ್ಲ. ಅದ್ಕೆ ಬೇಕಾದ್ರೆ ಬೈಯಿ, ಒಡಿ. ಕಿವಿ ಹರ್ದೋನು ಅವ್ನಾ? ನೀನ್ ಕಂಡಿದ್ದ ಹೇಳವ್ವಾ, ಅಷ್ಟೇಯ" ಅಂದಳು. ನಮ್ಮವ್ವ ಒಳಗಿನಿಂದ ಬಂದು ಅವಳ ಮುಖದ ಮೇಲೆ ಬಾಗಿಲು ಹಾಕಿದಳು. ಹಾಕಿದ ಬಾಗಿಲಿಗೆ ಒರಗಿಕೊಂಡು ನನಗಂದಳು, "ಒಡಹುಟ್ಟಿದೋನ್ ಮ್ಯಾಲೆ ಹೇಳ್ಬುಟ್ರೆ ನೀನ್ ನನ್ ಮಗಳಲ್ಲ."

ಠಾಣೆಗೆ ಹೋದ ದಿನವೂ ತುಂತುರು ನಿಂತಿರಲಿಲ್ಲ. ಅವ್ವ ನಮ್ಮ ಜೊತೆಗೇ ಬಂದು ಜಗಲಿಯ ಬೆಂಚಿನ ಮೇಲೆ, ತೆರೆದ ಕಿಟಕಿಯ ಪಕ್ಕದಲ್ಲಿ ಕೂತಳು. ಒಳಗೆ ಸಬ್ ಇನ್‌ಸ್ಪೆಕ್ಟರ್ ಮೇಡಂ. ಅವರ ಎದುರಿಗೆ ನಾಗೇಶ, ಎಡಗಿವಿಗೆ ಹತ್ತಿ ತುರುಕಿ ಪಟ್ಟಿ ಕಟ್ಟಿದ್ದರು. ಅವನ ಎಡಗಡೆಯ ಕುರ್ಚಿಯಲ್ಲಿ ನಾನು. ಬಾಗಿಲ ಹತ್ತಿರ ಅಣ್ಣ, ತೋಳು ಕಟ್ಟಿ ನಿಂತಿದ್ದ. ಗೋಡೆಯ ಕಡೆ ಆ ಇಬ್ಬರು ಹುಡುಗರು.

"ನೀವು ಏನು ನೋಡಿದ್ರೋ ಅದನ್ನ ಹೇಳಿ" ಅಂದರು ಮೇಡಂ.

ಮೇಜಿನ ಅಂಚು ನೋಡಿಕೊಂಡು, "ಈ ಹುಡುಗರಲ್ಲ. ನಮ್ಮಣ್ಣ ಹೊಡೆದದ್ದು" ಅಂದೆ. ಹೇಳಿದೆ ಅಂತ ನನಗೇ ನಂಬಿಕೆಯಾಗಲಿಲ್ಲ, ದನಿ ಅಷ್ಟು ಒಳಕ್ಕೆ ಹೋಗಿತ್ತು. ಮೇಡಂ ತಲೆಯೆತ್ತಿ ನಾಗೇಶನನ್ನು ನೋಡಿ, "ಹೌದೇನ್ರಿ?" ಅಂದರು.

ನಾಗೇಶ ಅವರ ಮುಖ ನೋಡಿದ, ತಿರುಗಿ ನನ್ನ ಮುಖ ನೋಡಿದ. "ಏನಂದ್ರು ಮೇಡಂ? ನಂಗ್ ಕೇಳ್ನಿಲ್ಲ" ಅಂದ.

ನನ್ನಿಂದ ಅವನಿಗೆ ಒಂದು ಮೊಳ ದೂರವಿರಲಿಲ್ಲ.

"ಇನ್ನೊಂದು ಸಲ ಹೇಳಿ, ಜೋರಾಗಿ" ಅಂದರು ಮೇಡಂ. ಅಣ್ಣ ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದ. "ಮಂಜಿ, ಯೋಚ್ನೆ ಮಾಡ್ ಹೇಳು," ಅಂದ. "ಗಲಾಟೇಲಿ ನಿಂಗ್ ಸರಿಯಾಗ್ ಕಂಡಿರಾಕಿಲ್ಲ." ಕ್ಲಾಸು ಮುಗಿಸಿ ಬಂದವಳಿಗೆ ಬೈಕು ಹತ್ತು ಅನ್ನುತ್ತಿದ್ದನಲ್ಲ, ಅದೇ ದನಿ. ಒಂದು ಗಳಿಗೆ ನಾನು ಕರಗಿಹೋದೆ, ಸುಳ್ಳು ಹೇಳುವುದಿಲ್ಲ.

ಎದ್ದು ನಿಂತೆ. ಕುರ್ಚಿಯ ಹಿಂದಿನಿಂದ ಸುತ್ತಿ ನಾಗೇಶನ ಬಲಗಡೆಗೆ ಬಂದೆ. ಅವನ ಒಳ್ಳೆಯ ಕಿವಿಯ ಹತ್ತಿರ ಬಗ್ಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಹೇಳಿದೆ:

"ನಮ್ಮಣ್ಣ ಚಂದ್ರು ನಿನ್ನ ಹೊಡೆದದ್ದು. ನಾನು ನೋಡಿದೆ. ಈ ಹುಡುಗರು ನಿನ್ನ ಹತ್ರಕ್ಕೂ ಬಂದಿರಲಿಲ್ಲ."

ಠಾಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾಗೇಶನಿಗೆ ಈ ಸಲ ಕೇಳಿಸಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಊಂ ಮೇಡಂ, ಅವ್ರೇಯ" ಅಂದು ಬಿಕ್ಕಿದ. ಕಿಟಕಿಯ ಹೊರಗೆ ನಮ್ಮವ್ವ ಬೆಂಚಿನಿಂದ ಎದ್ದಳು. ಒಳಗೆ ಬರುತ್ತಾಳೆ, ನನ್ನ ಕೆನ್ನೆಗೆ ಹೊಡೆಯುತ್ತಾಳೆ ಅಂದುಕೊಂಡು ಕಾದೆ. ಅವಳು ತಲೆಗೆ ಸೆರಗು ಹೊದ್ದು, ಮಳೆಯಲ್ಲಿ ಇಳಿದು, ಬಸ್ ನಿಲ್ದಾಣದ ಕಡೆ ಒಬ್ಬಳೇ ನಡೆದುಹೋದಳು.